ಒಂದು ಇಂಜೆಕ್ಷನ್ ಬೀಳೋವರೆಗೂ ಗೊತ್ತೇ ಆಗದ ಕಾಯಿಲೆ

ಆವತ್ತು ರಾತ್ರಿ ಹನ್ನೊಂದು ಗಂಟೆ ಇರ್ಬೇಕು. ಆಪರೇಷನ್ ಥಿಯೇಟರ್ ಬಾಗಿಲು ತೆಗೆದು ಮತ್ತಿನ ಔಷಧಿ ಕೊಡೋ ಅನಸ್ತೇಷಿಯಾ ಡಾಕ್ಟ್ರು ಹೊರಗೆ ಬಂದ್ರು, ಮಾಸ್ಕ್ ಕೆಳಗೆ ಇಳಿಸಿ ನಮ್ಮ ಚಿಕ್ಕಮ್ಮನ್ನ ಕೇಳಿದ ಮೊದಲ್ನೇ ಪ್ರಶ್ನೆ, "ಅಮ್ಮಾ, ನೀವು ಯಾವ ಜನ?"

ಚಿಕ್ಕಮ್ಮಂಗೆ ಮೈಯೆಲ್ಲಾ ಉರಿದುಹೋಯ್ತು. ಒಳಗೆ ಗಂಡ ಮಲಗಿದಾರೆ, ಮುಕ್ಕಾಲು ಗಂಟೆ ಆಪರೇಷನ್ ಅಂದಿದ್ದು ಮೂರು ಗಂಟೆ ಆದ್ರೂ ಯಾರೂ ಏನೂ ಹೇಳ್ತಿಲ್ಲ, ಈಗ ಬಂದು ಜಾತಿ ಕೇಳ್ತಾರಲ್ಲ ಅಂತ. ನಮ್ಮಪ್ಪ ಮಧ್ಯೆ ಬಂದು "ಆರ್ಯವೈಶ್ಯರು ಡಾಕ್ಟ್ರೇ, ಯಾಕೆ?" ಅಂದ್ರು. ಅವ್ರು ಗೋಡೆಗೆ ಒರಗಿ ಒಂದು ನಿಮಿಷ ಸುಮ್ನಿದ್ದು, "ಸರಿ ಹಾಗಾದ್ರೆ, ನಂಗೆ ಅನುಮಾನ ಇತ್ತು, ಗಾಬರಿ ಆಗ್ಬೇಡಿ, ಅವ್ರು ಬದುಕಿದಾರೆ, ಆದ್ರೆ ಉಸಿರು ತಗೋತಿಲ್ಲ, ಮೆಷಿನಲ್ಲಿ ಇಟ್ಟಿದೀವಿ, ಬೆಳಗ್ಗೆ ಹೊತ್ತಿಗೆ ತಾವೇ ಉಸಿರಾಡ್ತಾರೆ" ಅಂದ್ರು. ಬದುಕಿದಾರೆ ಆದ್ರೆ ಉಸಿರಾಡ್ತಿಲ್ಲ ಅಂದ್ರೆ ಏನು ಅಂತ ನಮಗ್ಯಾರಿಗೂ ತಲೆಗೆ ಹೋಗಲಿಲ್ಲ.

ಚಿಕ್ಕಪ್ಪಂಗೆ ಆಗ 52. ಚಿಂತಾಮಣೀಲಿ ಕಿರಾಣಿ ಅಂಗಡಿ, ಸಕ್ಕರೆ ಮೂಟೆ ಒಬ್ರೇ ಎತ್ತಿ ಇಡೋ ಆಸಾಮಿ, ಬಿಪಿ ಇಲ್ಲ ಶುಗರ್ ಇಲ್ಲ. ಯುಗಾದಿ ದಿನ ಹೊಟ್ಟೆ ತುಂಬ ಒಬ್ಬಟ್ಟು ತಿಂದು ಮಲಗಿದೋರಿಗೆ ಸಂಜೆ ಹೊಟ್ಟೆನೋವು ಶುರುವಾಗಿ, ಅಪೆಂಡಿಕ್ಸ್ ಒಡೆಯೋ ಹಂತಕ್ಕೆ ಬಂದಿದೆ ಅಂತ ರಾತ್ರಿಯೇ ಥಿಯೇಟರಿಗೆ ತಗೊಂಡ್ರು. ಆ ಒಬ್ಬಟ್ಟು ಈ ಕತೇಲಿ ಮುಖ್ಯ, ಯಾಕೆ ಅಂತ ಮುಂದೆ ಹೇಳ್ತೀನಿ.

ಅವ್ರಿಗೆ ಇರೋದರ ಹೆಸರು ಸ್ಯೂಡೋಕೋಲಿನೆಸ್ಟರೇಸ್ ಡಿಫಿಷಿಯೆನ್ಸಿ, ಅಂದ್ರೆ ರಕ್ತದಲ್ಲಿರೋ ಒಂದು ಎಂಜೈಮಿನ ಕೊರತೆ. ಅನಸ್ತೇಷಿಯಾ ಡಾಕ್ಟ್ರುಗಳು ತಮ್ಮೊಳಗೆ ಸ್ಕೋಲಿನ್ ಆಪ್ನಿಯಾ ಅಂತಾರೆ, ಸ್ಕೋಲಿನ್ ಅಂದ್ರೆ ಉಸಿರಿನ ಟ್ಯೂಬ್ ಹಾಕೋಕೆ ಮುಂಚೆ ಅವ್ರಿಗೆ ಕೊಟ್ಟ ಸ್ನಾಯು ಸಡಿಲಿಸೋ ಔಷಧಿ, ಆಪ್ನಿಯಾ ಅಂದ್ರೆ ಉಸಿರು ನಿಂತಿರೋದು. ಪ್ರಪಂಚದ ಲೆಕ್ಕದಲ್ಲಿ ಇದು ಅಪರೂಪ, ಯುರೋಪಿನೋರಲ್ಲಿ ಸುಮಾರು 3000 ಜನಕ್ಕೆ ಒಬ್ರಿಗೆ ಇರುತ್ತೆ. ನಮ್ಮ ಜನದಲ್ಲಿ ಮಾತ್ರ ಬೇರೆಯವರಿಗಿಂತ ಸುಮಾರು 100 ಪಟ್ಟು ಜಾಸ್ತಿ. ಅದಕ್ಕೇ ಆ ಡಾಕ್ಟ್ರು ಜಾತಿ ಕೇಳಿದ್ದು. ಕೇಳಿದ್ದು ಸರಿಯಾಗೇ ಇತ್ತು, ಮೂರು ಗಂಟೆ ಮುಂಚೆ ಯಾರಾದ್ರೂ ಕೇಳಿದ್ರೆ ಇನ್ನೂ ಚೆನ್ನಾಗಿರ್ತಿತ್ತು.

ಮೊದ್ಲು ಈ ಔಷಧಿ ಏನು ಮಾಡುತ್ತೆ ಅಂತ ನೋಡೋಣ. ನೀವು ಕೈ ಎತ್ತಬೇಕು ಅಂದ್ರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನೋ ಒಂದು ಪದಾರ್ಥ ಹನಿಯಷ್ಟು ಹೊರಗೆ ಬಂದು ಸ್ನಾಯುವಿಗೆ ತಗಲುತ್ತೆ, ಸ್ನಾಯು ಬಿಗಿಯಾಗುತ್ತೆ, ತಕ್ಷಣ ಅಲ್ಲೇ ಇರೋ ಒಂದು ಎಂಜೈಮು ಆ ಹನಿಯನ್ನ ಒರೆಸಿ ಹಾಕುತ್ತೆ, ಸ್ನಾಯು ಮುಂದಿನ ಸುದ್ದಿಗೆ ರೆಡಿ. ಸಕ್ಸಾಮೆಥೋನಿಯಂ, ಅಂದ್ರೆ ಸ್ಕೋಲಿನ್, ಎರಡು ಅಸಿಟೈಲ್‌ಕೋಲಿನ್ ಒಂದಕ್ಕೊಂದು ಅಂಟಿಸಿದ ಹಾಗಿರೋ ಪದಾರ್ಥ. ಸ್ನಾಯು ಇದನ್ನೂ ನಂಬಿ ಒಂದು ಸಲ ಮೈಯೆಲ್ಲಾ ಪಟಪಟ ಅಂತ ಅದುರುತ್ತೆ, ಆದ್ರೆ ಅಲ್ಲಿರೋ ಎಂಜೈಮಿಗೆ ಇದನ್ನ ಒರೆಸೋಕೆ ಬರಲ್ಲ, ಹಾಗಾಗಿ ಅದು ಕೂತಲ್ಲೇ ಕೂತಿರುತ್ತೆ, ಸ್ನಾಯು ಬಟ್ಟೆ ಥರ ಸಡಿಲ ಆಗಿಹೋಗುತ್ತೆ. ಕೈ ಕಾಲು ರೆಪ್ಪೆ ನಾಲಿಗೆ ಎಲ್ಲಾ, ಎದೆ ಉಬ್ಬಿಸೋ ಸ್ನಾಯು, ಎದೆ ಹೊಟ್ಟೆ ಮಧ್ಯೆ ಇರೋ ವಪೆ ಕೂಡ. ಹೃದಯ ಮಾತ್ರ ಬಡಿತಾನೇ ಇರುತ್ತೆ, ಅದು ಈ ದಾರೀಲಿ ನಡೆಯೋದಲ್ಲ.

ಇಂಥಾ ಔಷಧಿ ಯಾಕೆ ಕೊಡ್ತಾರೆ ಅಂದ್ರೆ, ಅದರಷ್ಟು ಬೇಗ ಕೆಲಸ ಮಾಡಿ ಅಷ್ಟೇ ಬೇಗ ಹೋಗೋದು ಇನ್ನೊಂದಿಲ್ಲ. ಒಂದು ನಿಮಿಷದೊಳಗೆ ಗಂಟಲು ಸಡಿಲ ಆಗುತ್ತೆ, ಉಸಿರಿನ ಟ್ಯೂಬ್ ಹಾಕಬಹುದು, ಐದ್ರಿಂದ ಹತ್ತು ನಿಮಿಷಕ್ಕೆ ಅದರ ಪ್ರಭಾವ ಇಳಿಯುತ್ತೆ. ಖಾಲಿ ಹೊಟ್ಟೇಲಿ ಬಂದೋರಿಗೆ ನಿಧಾನವಾಗಿ ಕೆಲಸ ಮಾಡೋ ಔಷಧಿ ಕೊಟ್ಟು ಕಾಯಬಹುದು. ಹೊಟ್ಟೆ ತುಂಬ ಒಬ್ಬಟ್ಟು ಇರೋ ಮನುಷ್ಯನ್ನ ಅರ್ಜೆಂಟಾಗಿ ಮಲಗಿಸಿದ್ರೆ ಹೊಟ್ಟೇಲಿರೋದು ವಾಪಸ್ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಪ್ರಾಣಕ್ಕೇ ಅಪಾಯ, ಅದಕ್ಕೆ ಟ್ಯೂಬು ಆದಷ್ಟು ಬೇಗ ಬೀಳಬೇಕು. ಹಾಗಾಗಿ ಡಾಕ್ಟ್ರು ಆ ಔಷಧಿ ಆರಿಸಿಕೊಂಡಿದ್ದು ತಪ್ಪಲ್ಲ, ಇದನ್ನ ಸ್ಪಷ್ಟವಾಗಿ ಹೇಳ್ತೀನಿ ಯಾಕಂದ್ರೆ ನಮ್ಮ ಮನೇಲಿ ಕೆಲವ್ರು ಇವತ್ತಿಗೂ ಅವ್ರನ್ನ ಬೈತಾರೆ.

ಈಗ ಎಂಜೈಮಿನ ವಿಷಯ. ರಕ್ತದಲ್ಲಿ ಇನ್ನೊಂದು ಎಂಜೈಮು ಓಡಾಡ್ತಾ ಇರುತ್ತೆ, ಲಿವರ್ ತಯಾರು ಮಾಡೋದು, ಅದೇ ಸ್ಯೂಡೋಕೋಲಿನೆಸ್ಟರೇಸ್, ಈಗಿನ ಹೆಸರು ಬ್ಯುಟೈರಿಲ್‌ಕೋಲಿನೆಸ್ಟರೇಸ್. ಸ್ಕೋಲಿನ್ನ ಕತ್ತರಿಸಿ ಹಾಕೋದು ಇದೇ. ನಮ್ಮ ಕಡೆ ಟೊಮ್ಯಾಟೊ ಲೆಕ್ಕದಲ್ಲಿ ಹೇಳ್ತೀನಿ, ಕೋಲಾರ ಮಂಡಿಯಿಂದ ದೂರದ ಊರಿಗೆ ಲೋಡ್ ಕಳಿಸೋರು ದಾರೀಲಿ ಇಷ್ಟು ಬಾಕ್ಸ್ ಕೊಳೆತು ಹೋಗುತ್ತೆ ಅಂತ ಮೊದ್ಲೇ ಲೆಕ್ಕ ಹಾಕಿ ಜಾಸ್ತಿ ತುಂಬಿಸ್ತಾರಲ್ಲ, ಹಾಗೇ ಸ್ಕೋಲಿನ್ ಡೋಸು. ರಕ್ತಕ್ಕೆ ಬಿದ್ದ ತಕ್ಷಣ ಈ ಎಂಜೈಮು ಅದರ ಬಹುಪಾಲನ್ನ ದಾರೀಲೇ ಮುಗಿಸಿಬಿಡುತ್ತೆ, ಸ್ನಾಯುವಿಗೆ ತಲುಪೋದು ಸ್ವಲ್ಪ, ಆ ಸ್ವಲ್ಪಕ್ಕೆ ಲೆಕ್ಕ ಹಾಕಿನೇ ಡೋಸ್ ಇಟ್ಟಿರೋದು. ಚಿಕ್ಕಪ್ಪನ ರಕ್ತದಲ್ಲಿ ಆ ಎಂಜೈಮು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ದಾರೀಲಿ ಒಂದು ಬಾಕ್ಸೂ ಹಾಳಾಗಲಿಲ್ಲ, ಪೂರ್ತಿ ಲೋಡು ಸ್ನಾಯುವಿಗೆ ಬಂದು ಇಳೀತು, ಇಳಿದಿದ್ದನ್ನ ಖಾಲಿ ಮಾಡೋರೂ ಇಲ್ಲ. ಹತ್ತು ನಿಮಿಷದ ಔಷಧಿ ಏಳು ಗಂಟೆ ನಿಲ್ತು.

ವಿಚಿತ್ರ ಅಂದ್ರೆ ಈ ಎಂಜೈಮು ಇಲ್ದೇ ಇರೋರಿಗೆ ದಿನನಿತ್ಯದ ಬದುಕಲ್ಲಿ ಏನೂ ಆಗಲ್ಲ. ಊಟ ನಿದ್ದೆ ಓಟ ಮಕ್ಕಳಾಗೋದು ಎಲ್ಲಾ ಮಾಮೂಲು. ಅಪರೂಪದ ಕಾಯಿಲೆ ಅಂದ್ರೆ ನಾವು ಟಿವೀಲಿ ನೋಡೋ ಹಾಗೆ ಮೂಳೆ ಕಲ್ಲಾಗೋದು, ಮಗು ಮುದುಕನ ಥರ ಕಾಣೋದು ಅಂದ್ಕೊಂಡಿರ್ತೀವಿ, ಇದರಲ್ಲಿ ನೋಡೋಕೆ ಏನೂ ಇಲ್ಲ. ಇಡೀ ಜೀವಮಾನ ಆ ಒಂದು ಇಂಜೆಕ್ಷನ್ ಸಿಗದೇ ಹೋದ್ರೆ ಗೊತ್ತಾಗದೇ ಸತ್ತುಹೋಗ್ತಾರೆ. ನಮ್ಮ ತಾತನಿಗೂ ಇತ್ತೋ ಏನೋ, ಅವ್ರಿಗೆ ಆಪರೇಷನ್ನೇ ಆಗಿರ್ಲಿಲ್ಲ.

ಚಿಕ್ಕಪ್ಪ ಬೆಳಗ್ಗೆ ಕಣ್ಣು ಬಿಟ್ಟ ಮೇಲೆ ಎರಡು ದಿನ ಸರಿಯಾಗಿ ಮಾತಾಡ್ಲಿಲ್ಲ. ಆಮೇಲೆ ನನ್ನ ಹತ್ರ ಒಬ್ಬನ ಹತ್ರ ಹೇಳಿದ್ದು, "ನಂಗೆ ಕೇಳಿಸ್ತಿತ್ತು ಕಣೋ." ಆಪರೇಷನ್ ಮುಗೀತು ಅಂತ ಮತ್ತಿನ ಔಷಧಿ ಕಡಿಮೆ ಮಾಡಿದಾರೆ, ಎಚ್ಚರ ಬಂದಿದೆ, ಆದ್ರೆ ರೆಪ್ಪೆ ಕೂಡ ಅಲುಗಿಸೋಕಾಗ್ತಿಲ್ಲ. ನರ್ಸು ಇವ್ರು ಯಾಕೆ ಏಳ್ತಿಲ್ಲ ಅಂತ ಕೇಳಿದ್ದು, ಯಾರೋ ಕೆನ್ನೆ ತಟ್ಟಿದ್ದು, ಎಲ್ಲಾ ಗೊತ್ತಾಗ್ತಿದೆ. "ಸತ್ತ ಮೇಲೆ ಹಿಂಗೇ ಇರುತ್ತೆ ಅಂದ್ಕೊಂಡೆ" ಅಂದ್ರು. ನಮ್ಮ ದೊಡ್ಡತ್ತೆ ಇದನ್ನ ಕೇಳಿ ಯಮನ ಬಾಗಿಲಿಂದ ವಾಪಸ್ ಬಂದ ಅಂತ ತಿರುಪತಿಗೆ ಹರಕೆ ಹೊತ್ರು. ಆದ್ರೆ ನಡೆದಿದ್ದು ಇಷ್ಟು: ಸ್ಕೋಲಿನ್ ಸ್ನಾಯುವನ್ನ ಮಾತ್ರ ಕಟ್ಟಿಹಾಕುತ್ತೆ, ಬುದ್ಧಿಯನ್ನ ಮುಟ್ಟಲ್ಲ. ಮತ್ತಿನ ಔಷಧಿ ಬೇರೆ, ಸ್ಕೋಲಿನ್ ಬೇರೆ. ಮತ್ತಿನ ಔಷಧಿ ಇಳಿದು ಸ್ಕೋಲಿನ್ ಉಳಿದ್ರೆ ಮನುಷ್ಯ ತನ್ನ ದೇಹದೊಳಗೆ ಬೀಗ ಹಾಕಿಸಿಕೊಂಡ ಹಾಗೆ. ಅನುಮಾನ ಬಂದ ತಕ್ಷಣ ಆ ಡಾಕ್ಟ್ರು ಮಣಿಕಟ್ಟಿನ ಹತ್ರ ಸಣ್ಣ ಕರೆಂಟ್ ಕೊಟ್ಟು ಹೆಬ್ಬೆರಳು ಅಲುಗುತ್ತಾ ನೋಡಿದಾರೆ, ಅಲುಗಿಲ್ಲ, ಕೂಡ್ಲೇ ಮತ್ತೆ ನಿದ್ದೆ ಔಷಧಿ ಶುರು ಮಾಡಿ ವೆಂಟಿಲೇಟರಲ್ಲೇ ಬಿಟ್ಟಿದಾರೆ. ಇದಕ್ಕೆ ಮಾಡೋದೂ ಅಷ್ಟೇ, ಮೆಷಿನ್ ಉಸಿರು ಕೊಡ್ತಿರಬೇಕು, ಮನುಷ್ಯ ಎಚ್ಚರ ಆಗದ ಹಾಗೆ ನೋಡ್ಕೋಬೇಕು, ಔಷಧಿ ತಾನಾಗಿ ಇಳಿಯೋವರೆಗೂ ಕಾಯಬೇಕು. ಬೇರೆ ಸ್ನಾಯು ಸಡಿಲಿಸೋ ಔಷಧಿಗಳನ್ನ ಇಳಿಸೋಕೆ ಮಾಮೂಲಾಗಿ ಕೊಡೋ ನಿಯೋಸ್ಟಿಗ್ಮಿನ್ ಇಲ್ಲಿ ಕೆಲಸಕ್ಕೆ ಬರಲ್ಲ, ಅಳಿದುಳಿದ ಎಂಜೈಮನ್ನೂ ಅದು ತಡೆಯುತ್ತೆ. ಕಾದ್ರೆ ಪೂರ್ತಿ ಹುಷಾರಾಗ್ತಾರೆ, ಆಮೇಲೆ ಏನೂ ಉಳಿಯಲ್ಲ.

ಈ ಔಷಧಿ ಬಳಕೆಗೆ ಬಂದಿದ್ದು 1951ರ ಹೊತ್ತಿಗೆ, ಇದರ ಮೇಲೆ ಕೆಲಸ ಮಾಡಿದ ಡೇನಿಯಲ್ ಬೊವೆಗೆ 1957ರಲ್ಲಿ ನೊಬೆಲ್ ಬಂತು. ಬಂದ ಕೆಲವೇ ವರ್ಷದಲ್ಲಿ ಕೆಲವ್ರು ಟೇಬಲ್ ಮೇಲೆ ಉಸಿರಾಡದೇ ಉಳಿಯೋದು ಡಾಕ್ಟ್ರುಗಳಿಗೆ ಗೊತ್ತಾಯ್ತು, ಮನೆತನದಲ್ಲಿ ಬರುತ್ತೆ ಅನ್ನೋದೂ ಗೊತ್ತಾಯ್ತು. ಕೆನಡಾದ ಟೊರಾಂಟೊದಲ್ಲಿ ವರ್ನರ್ ಕಲೋ ಅನ್ನೋರು ಒಂದು ಟೆಸ್ಟ್ ಕಂಡುಹಿಡಿದ್ರು, ಡಿಬುಕೇನ್ ಅನ್ನೋ ಪದಾರ್ಥ ಹಾಕಿದ್ರೆ ಸರಿಯಾದ ಎಂಜೈಮು ಸುಮಾರು ನೂರಕ್ಕೆ 80 ಪಾಲು ನಿಂತುಹೋಗುತ್ತೆ, ದೋಷ ಇರೋ ಒಂದು ಬಗೆಯದ್ದು 20ರಷ್ಟು ಮಾತ್ರ ನಿಲ್ಲುತ್ತೆ, ಆ ಅಂಕಿಯಿಂದ ಗುರುತಿಸಬಹುದು. ಒಂದೇ ಔಷಧಿ ಒಬ್ಬೊಬ್ರಿಗೆ ಒಂದೊಂದು ಥರ ಯಾಕೆ ಆಗುತ್ತೆ ಅನ್ನೋ ಒಂದು ಇಡೀ ಶಾಸ್ತ್ರ, ಫಾರ್ಮಕೋಜೆನೆಟಿಕ್ಸ್, ಬೆಳೆದಿದ್ದರಲ್ಲಿ ಇದರ ಪಾಲು ದೊಡ್ಡದು.

ನಮ್ಮೋರಲ್ಲಿ ಯಾಕೆ ಜಾಸ್ತಿ? ಈ ಎಂಜೈಮು ಹೇಗೆ ಕಟ್ಟಬೇಕು ಅಂತ ಹೇಳೋ ಜೀನು 3ನೇ ಕ್ರೋಮೋಸೋಮಲ್ಲಿದೆ, ಅಪ್ಪನಿಂದ ಒಂದು ಕಾಪಿ ಅಮ್ಮನಿಂದ ಒಂದು. ಒಂದು ಕಾಪಿ ಕೆಟ್ಟಿದ್ರೆ ಇನ್ನೊಂದು ಸಂಭಾಳಿಸುತ್ತೆ, ಅಂಥೋರನ್ನ ಕ್ಯಾರಿಯರ್ ಅಂತಾರೆ, ಅವ್ರಿಗೆ ಬಹಳ ಮಟ್ಟಿಗೆ ತೊಂದರೆ ಇಲ್ಲ. ಎರಡೂ ಕೆಟ್ಟಿದ್ರೆ ಚಿಕ್ಕಪ್ಪ. 2006ರಲ್ಲಿ ವೈಶ್ಯ ಸಮುದಾಯದ ರಕ್ತದಲ್ಲಿ ಈ ದೋಷವನ್ನ ಜೀನಿನ ಮಟ್ಟದಲ್ಲೇ ಹಿಡಿದ್ರು, ಎಂಜೈಮಿನ ಸರಪಳೀಲಿ 307ನೇ ಕೊಂಡಿ ಲ್ಯೂಸಿನ್ ಅನ್ನೋ ಅಮೈನೋ ಆಮ್ಲ ಇರಬೇಕಾದ ಕಡೆ ಪ್ರೋಲಿನ್ ಅನ್ನೋ ಇನ್ನೊಂದು ಇದೆ. ಒಂದೇ ಒಂದು ಕೊಂಡಿ, ಅಷ್ಟಕ್ಕೇ ಎಂಜೈಮು ಉಳಿಯಲ್ಲ.

ನಮ್ಮ ಹಿರಿಯರು ಗೋತ್ರ ನೋಡ್ತಾರಲ್ಲ, 102 ಗೋತ್ರ ಇದೆ, ಒಂದೇ ಗೋತ್ರದಲ್ಲಿ ಕೊಡಲ್ಲ ತರಲ್ಲ, ಹಾಗಾದ್ರೆ ರಕ್ತ ಬೇರೆ ಬೇರೆ ಆಯ್ತಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ಅಪ್ಪನ ಕಡೆಯ ಸಂಬಂಧವನ್ನ ಗೋತ್ರ ತಡೆಯುತ್ತೆ ನಿಜ, ಅಮ್ಮನ ಕಡೆಯದನ್ನ ತಡೆಯೋದೇ ಇಲ್ಲ. ನಮ್ಮಲ್ಲಿ ಮೇನರಿಕಂ ಅಂತಾರೆ, ಸೋದರಮಾವನ ಮಗಳನ್ನ ತರೋದು, ಗೋತ್ರ ಬೇರೆ ಆದ್ರೆ ರಕ್ತ ಅದೇ. ನಮ್ಮ ತಾತ ಅಜ್ಜಿದು ಹಾಗೇ ಆಗಿದ್ದು. ಅಂಥಾ ದಂಪತಿಯ ಹಿಂದೆ ಒಬ್ಬರೇ ಅಜ್ಜಿ ತಾತ ಇರ್ತಾರೆ, ಆ ಹಿರೀಕರಲ್ಲಿ ಒಬ್ಬರ ಕೆಟ್ಟ ಕಾಪಿ ಎರಡು ಕವಲಲ್ಲಿ ಇಳಿದು ಬಂದು ಮತ್ತೆ ಒಂದೇ ಮಗುವಲ್ಲಿ ಸೇರಬಹುದು. ಇದು ವೈಶ್ಯರಿಗೆ ಮಾತ್ರ ಅಲ್ಲ, ಅಕ್ಕನ ಮಗಳು ಅತ್ತೆ ಮಗ ಅಂತ ನಮ್ಮ ಕಡೆ ಎಲ್ಲಾ ಜನದಲ್ಲೂ ಮಾಡ್ತಾರೆ, ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೇಲಿ ಒಂದು ರಕ್ತಸಂಬಂಧದಲ್ಲೇ ಆಗಿರೋದು. ಹಾಗಂತ ಅಂಥಾ ಮದುವೆ ಆದೋರ ಮಕ್ಕಳೆಲ್ಲಾ ಕಾಯಿಲೆಯೋರು ಅಂತ ಹೆದರಿಸೋದು ಸುಳ್ಳು. ಯಾವ ದಂಪತಿಗಾದ್ರೂ ದೋಷ ಇರೋ ಮಗು ಹುಟ್ಟೋ ಸಂಭವ ನೂರಕ್ಕೆ 2–3 ಇರುತ್ತೆ, ಅತ್ತೆ ಮಾವನ ಮಕ್ಕಳು ಮದುವೆ ಆದ್ರೆ ಅದರ ಮೇಲೆ ಇನ್ನೊಂದು 2–3 ಸೇರುತ್ತೆ. ಅಕ್ಕನ ಮಗಳಾದ್ರೆ ಸಂಬಂಧ ಇನ್ನೂ ಹತ್ತಿರ, ಹಾಗಾಗಿ ಅಪಾಯವೂ ಅದಕ್ಕಿಂತ ಜಾಸ್ತಿ.

ಮೇನರಿಕಂ ಒಂದರಿಂದಲೇ 100 ಪಟ್ಟು ಆಗಲ್ಲ. ಅದಕ್ಕಿಂತ ಹಳೇ ಕಾರಣ ಇನ್ನೊಂದಿದೆ. 2009ರಲ್ಲಿ ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಕುಮಾರಸ್ವಾಮಿ ತಂಗರಾಜ್, ಲಾಲ್ಜಿ ಸಿಂಗ್, ಅಮೆರಿಕದ ಡೇವಿಡ್ ರೈಕ್ ಎಲ್ಲಾ ಸೇರಿ ಭಾರತದ ಬೇರೆ ಬೇರೆ ಜನರ ಜೀನು ಓದಿದ್ರು. ವೈಶ್ಯರದ್ದು ನೋಡಿದ್ರೆ 100ಕ್ಕೂ ಹೆಚ್ಚು ತಲೆಮಾರಿನ ಹಿಂದೆ ಒಂದು ಸಣ್ಣ ಗುಂಪಿಂದ ಬೆಳೆದು ಬಂದು, ಆವತ್ತಿಂದ ಇವತ್ತಿನವರೆಗೂ ಹೊರಗಿನೋರ ಜೊತೆ ಬೆರೆತಿದ್ದು ತೀರಾ ಕಡಿಮೆ. ಒಂದು ಬಿತ್ತನೆ ಚೀಲದಲ್ಲಿ ಹತ್ತೇ ಕಾಳಿದ್ದು ಅದರಲ್ಲಿ ಒಂದು ಹುಳ ಹಿಡಿದಿದ್ರೆ ಆಮೇಲೆ ಆ ಬೀಜದಿಂದ ಎಷ್ಟು ಎಕರೆ ಬೆಳೆದ್ರೂ ಆ ಪಾಲು ಉಳಿದುಬಿಡುತ್ತಲ್ಲ, ಹಾಗೆ. ಇದನ್ನ ಫೌಂಡರ್ ಎಫೆಕ್ಟ್ ಅಂತಾರೆ. ಅದಕ್ಕೇ ದೂರದ ಸಂಬಂಧ, ಗೋತ್ರ ಬೇರೆ, ಊರು ಬೇರೆ, ಒಬ್ಬರು ಪೆನುಗೊಂಡದ ಕಡೆಯೋರು ಒಬ್ಬರು ಮಧುಗಿರಿ ಕಡೆಯೋರು ಅಂದ್ರೂ ಇಬ್ಬರ ಹತ್ರಾನೂ ಅದೇ ಕೆಟ್ಟ ಕಾಪಿ ಇರಬಹುದು. 30 ಲಕ್ಷಕ್ಕೂ ಮೀರಿದ ಜನ ನಾವು, ಆದ್ರೆ ಜೀನಿನ ಲೆಕ್ಕದಲ್ಲಿ ಒಂದು ಸಣ್ಣ ಹಳ್ಳಿ.

ಮತ್ತೆ ನಾವೊಬ್ಬರೇ ಅಲ್ಲ. 2017ರಲ್ಲಿ ಅದೇ ತಂಗರಾಜ್ ಮತ್ತು ರೈಕ್ ಇದ್ದ ತಂಡ ದಕ್ಷಿಣ ಏಷ್ಯಾದ 263 ಸಮುದಾಯ ನೋಡಿದಾಗ 81ರಲ್ಲಿ ಈ ಫೌಂಡರ್ ಎಫೆಕ್ಟು ಯುರೋಪಿನ ಯೆಹೂದಿಗಳು ಮತ್ತು ಫಿನ್ಲೆಂಡಿನೋರಿಗಿಂತ ಜೋರಾಗಿತ್ತು. ಯೆಹೂದಿಗಳನ್ನ ಯಾಕೆ ಹೋಲಿಸಿದ್ರು ಅಂದ್ರೆ ಅವ್ರಲ್ಲಿ ಟೇ-ಸ್ಯಾಕ್ಸ್ ಅನ್ನೋ ಭಯಂಕರ ಕಾಯಿಲೆ ಇತ್ತು, ಮಕ್ಕಳು ನಾಲ್ಕೈದು ವರ್ಷ ತುಂಬೋ ಹೊತ್ತಿಗೆ ಹೋಗಿಬಿಡ್ತಿದ್ರು. 1983ರಲ್ಲಿ ಆ ಸಂಕಟ ಸ್ವಂತ ಮನೇಲಿ ಕಂಡ ಒಬ್ಬ ರಬ್ಬಿ, ಅಂದ್ರೆ ಯೆಹೂದಿ ಧರ್ಮಗುರು, ಡೋರ್ ಯೆಶೋರಿಮ್ ಅಂತ ವ್ಯವಸ್ಥೆ ಮಾಡಿದ್ರು, ಹುಡುಗ ಹುಡುಗಿಯರ ರಕ್ತ ಮೊದ್ಲೇ ಟೆಸ್ಟ್ ಮಾಡಿ ಒಂದು ನಂಬರ್ ಕೊಡೋದು, ಸಂಬಂಧ ನೋಡುವಾಗ ಎರಡು ನಂಬರ್ ಹೇಳಿದ್ರೆ ಈ ಜೋಡಿ ಆಗುತ್ತೆ ಆಗಲ್ಲ ಅಂತ ಮಾತ್ರ ಹೇಳ್ತಾರೆ, ಯಾರು ಕ್ಯಾರಿಯರ್ ಅಂತ ಊರಿಗೆ ಗೊತ್ತಾಗಲ್ಲ. ಜಾತಕ ತೋರಿಸೋ ಹಾಗೇ. ಆ ಸಮುದಾಯದಲ್ಲಿ ಟೇ-ಸ್ಯಾಕ್ಸ್ ಹುಟ್ಟೋದು ಈಗ ಹೆಚ್ಚುಕಮ್ಮಿ ನಿಂತೇ ಹೋಗಿದೆ. ನಮ್ಮ ಎಂಜೈಮಿನ ವಿಷಯಕ್ಕೆ ಮದುವೆ ನಿಲ್ಲಿಸೋ ಅಗತ್ಯ ಖಂಡಿತ ಇಲ್ಲ, ಒಂದು ಔಷಧಿ ತಪ್ಪಿಸಿದ್ರೆ ಸಾಕು. ಆದ್ರೆ ನಮ್ಮ ಜನಗಳೊಳಗೆ ಹೆಸರೇ ಇಡದ ಇನ್ನೆಷ್ಟು ಕಾಯಿಲೆ ಹೀಗೆ ಸುತ್ತುತಿದೆಯೋ. ಸಾಗರದ ಕಡೆ ಹಂದಿಗೋಡು ಕಾಯಿಲೆ ನೋಡಿ, ಸೊಂಟ ಕೀಲು ಸವೆದು ಜನ ನಡೆಯೋಕಾಗದೇ ಕೂತ್ರು, ಗದ್ದೆಗೆ ಹೊಡೆದ ಔಷಧಿ ಇರಬೇಕು ಅಂತ ಮೊದ್ಲು ಅನುಮಾನ ಪಟ್ಟಿದ್ರು, ಅದು ವಂಶದಲ್ಲಿ ಬರೋದು ಅಂತ ಆಮೇಲೆ ಗೊತ್ತಾಗಿದ್ದು. ಚಿಕ್ಕಪ್ಪನ ವಿಷಯದಲ್ಲೂ ಮೊದ್ಲು ಬೈಸಿಕೊಂಡಿದ್ದು ನಮ್ಮೂರ ಬೋರ್‌ವೆಲ್ ನೀರೇ, ಫ್ಲೋರೈಡ್ ಜಾಸ್ತಿ ಇರೋ ಕಡೆಯೋರಿಗೆ ಏನಾದ್ರೂ ನೀರಿನ ಮೇಲೇ ಅನುಮಾನ.

ಗದ್ದೆಗೆ ಹೊಡೆಯೋ ಔಷಧಿ ಅಂದಿದ್ದಕ್ಕೆ ಇನ್ನೊಂದು ಮಾತು, ಟೊಮ್ಯಾಟೊ ಬೆಳೆಯೋರು ಇದನ್ನ ಓದ್ಲೇಬೇಕು. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಮೈಗೆ ಸೇರಿದ್ರೆ ಇದೇ ಎಂಜೈಮು ಕೆಡುತ್ತೆ. ಔಷಧಿ ಕುಡಿದೋರನ್ನ ಆಸ್ಪತ್ರೆಗೆ ತಂದಾಗ ಸೀರಮ್ ಕೋಲಿನೆಸ್ಟರೇಸ್ ಅಂತ ಮಾಡ್ಸೋ ಟೆಸ್ಟು ಇದನ್ನೇ ಅಳೆಯೋದು. ಅಂದ್ರೆ ಹುಟ್ಟಿಂದ ಯಾವ ದೋಷ ಇಲ್ದಿದ್ರೂ ಮುಖಕ್ಕೆ ಬಟ್ಟೆ ಕಟ್ಟದೇ ಸ್ಪ್ರೇ ಹೊಡೆದು ಬಂದೋರಿಗೆ ಎಂಜೈಮು ಇಳಿದಿರಬಹುದು, ಆಗ ಅರ್ಜೆಂಟ್ ಆಪರೇಷನ್ ಬಂದ್ರೆ ಸ್ಪ್ರೇ ಹೊಡೆದಿದ್ದು ಡಾಕ್ಟ್ರಿಗೆ ಹೇಳ್ಬೇಕು. ಉಲ್ಟಾನೂ ಇದೆ, ಚಿಕ್ಕಪ್ಪನಂಥೋರ ರಿಪೋರ್ಟನ್ನ ಗೊತ್ತಿಲ್ದೋರು ನೋಡಿದ್ರೆ ವಿಷ ಕುಡಿದಿದಾರೆ ಅಂದ್ಕೋಬಹುದು. ಲಿವರ್ ಕಾಯಿಲೇಲೂ ಗರ್ಭಿಣಿಯರಲ್ಲೂ ಈ ಎಂಜೈಮು ಇಳಿಯುತ್ತೆ.

ಏನು ಮಾಡ್ಬೇಕು ಅಂತ ಕೇಳೋರಿಗೆ: ಆಪರೇಷನ್ ಮುಂಚೆ ಅನಸ್ತೇಷಿಯಾ ಡಾಕ್ಟ್ರು ಬಂದು ಮಾತಾಡಿಸ್ತಾರಲ್ಲ, ಆಗ ನಾವು ವೈಶ್ಯರು, ಸ್ಕೋಲಿನ್ ತೊಂದರೆ ನಮ್ಮ ಜನದಲ್ಲಿದೆ ಅಂತ ನೀವಾಗೇ ಹೇಳಿ, ಅವ್ರು ಕೇಳ್ಲಿ ಅಂತ ಕಾಯ್ಬೇಡಿ. ಸ್ಕೋಲಿನ್ ಜೊತೆಗೆ ಮಿವಾಕ್ಯೂರಿಯಂ ಅನ್ನೋದೂ ಆಗಲ್ಲ. ಬದಲಿಗೆ ರೋಕ್ಯುರೋನಿಯಂ ಇದೆ, ಅದಕ್ಕೆ ಈ ಎಂಜೈಮು ಬೇಕಾಗಿಲ್ಲ, ಅದೂ ಬೇಗನೇ ಹತ್ತುತ್ತೆ, ಇಳಿಸೋಕೆ ಸುಗಮಾಡೆಕ್ಸ್ ಅಂತ ಇನ್ನೊಂದು ಔಷಧಿನೂ ಇದೆ. ಬೆನ್ನಿಗೆ ಕೊಟ್ಟು ಸಿಸೇರಿಯನ್ ಮಾಡಿದ್ರೆ, ಕಣ್ಣಿನ ಪೊರೆ ತೆಗೆದ್ರೆ ಸ್ಕೋಲಿನ್ ಬೇಕಾಗೋದೇ ಇಲ್ಲ. ಮನೋರೋಗಕ್ಕೆ ಕರೆಂಟ್ ಟ್ರೀಟ್‌ಮೆಂಟ್ ಕೊಡುವಾಗಲೂ ಸ್ಕೋಲಿನ್ ಬಳಸ್ತಾರೆ, ಅದು ಬಹಳ ಜನಕ್ಕೆ ಗೊತ್ತಿಲ್ಲ, ಅಲ್ಲೂ ಹೇಳ್ಬೇಕು. ಎಂಜೈಮ್ ಮಟ್ಟ ನೋಡೋದು ಸಾಧಾರಣ ರಕ್ತದ ಟೆಸ್ಟು, ದೊಡ್ಡ ಲ್ಯಾಬುಗಳಿಗೆ ಸ್ಯಾಂಪಲ್ ಕಳಿಸಿ ಮಾಡಿಸ್ತಾರೆ.

ಒಬ್ಬರಿಗೆ ಬಂದಿದೆ ಅಂದ್ರೆ ಅವ್ರ ಒಡಹುಟ್ಟಿದೋರು ಒಬ್ಬೊಬ್ಬರಿಗೂ ನಾಲ್ಕರಲ್ಲಿ ಒಂದು ಸಂಭವ ಇದೆ. ನಮ್ಮಪ್ಪ ಮಾಡಿಸಿದ್ರು, ಮಟ್ಟ ಸ್ವಲ್ಪ ಕಡಿಮೆ, ಕ್ಯಾರಿಯರ್ ಇರಬಹುದು ಅಂದ್ರು. ನಂದು ನಾರ್ಮಲ್. ದೊಡ್ಡತ್ತೆ ಹರಕೆ ತೀರಿಸಿ ಬಂದ ಮೇಲೆ ಮಾಡಿಸ್ತೀನಿ ಅಂದೋರು ಇನ್ನೂ ಮಾಡಿಸಿಲ್ಲ, ಅವ್ರಿಗೆ ಪಿತ್ತಕೋಶದಲ್ಲಿ ಕಲ್ಲಿದೆ, ನಂಗೆ ಅದೇ ಚಿಂತೆ. ಚಿಕ್ಕಪ್ಪ ಆ ಡಾಕ್ಟ್ರು ಬರೆದುಕೊಟ್ಟ ಚೀಟೀನ ಲ್ಯಾಮಿನೇಷನ್ ಮಾಡಿಸಿ ಪರ್ಸಲ್ಲಿ ಇಟ್ಕೊಂಡಿದಾರೆ, ಅಂಗಡಿ ಗಲ್ಲಾದಲ್ಲಿ ಒಂದು ಜೆರಾಕ್ಸು. ಅವ್ರ ಮಗಳು ಈಗ ಏಳು ತಿಂಗಳ ಗರ್ಭಿಣಿ. ಅಪ್ಪನ ಎರಡೂ ಕಾಪಿ ಕೆಟ್ಟಿರೋದ್ರಿಂದ ಅವಳ ಹತ್ರ ಒಂದು ಕೆಟ್ಟ ಕಾಪಿ ಇದ್ದೇ ಇದೆ, ಜೊತೆಗೆ ಬಸುರಲ್ಲಿ ಎಂಜೈಮು ಇನ್ನೂ ಇಳಿದಿರುತ್ತೆ, ಹಾಗಾಗಿ ಅವಳ ಫೈಲಿನ ಮೊದಲ್ನೇ ಪುಟದಲ್ಲಿ ಸ್ಕೋಲಿನ್ ಬೇಡ ಅಂತ ಕೆಂಪಿಂಕಲ್ಲಿ ಬರೆಸಿದೀವಿ. ಗಂಡ ಅವಳ ಸೋದರಮಾವನ ಮಗನೇ. ಅವನ ಎಂಜೈಮ್ ಮಟ್ಟ ಸರಿಯಾಗೇ ಬಂದಿದೆ, ಆದ್ರೆ ಕ್ಯಾರಿಯರ್ ಅಲ್ಲ ಅಂತ ಅಷ್ಟರಿಂದಲೇ ಹೇಳೋಕಾಗಲ್ಲ ಅಂದ್ರು, ಹೋದ ಸೋಮವಾರ ಜೀನ್ ಟೆಸ್ಟಿಗೆ ಬೆಂಗಳೂರಿಗೆ ರಕ್ತ ಕಳಿಸಿದೀವಿ, ರಿಪೋರ್ಟ್ ಇನ್ನೂ ಬಂದಿಲ್ಲ.